ತಂತಿ ಮಾಸ್ತರು ಹೇಳಿದ ಅಧ್ಯಕ್ಷನ ಕಥೆ

ತಂತಿ ಮಾಸ್ತರ ಕತ್ತು ಎಡಗಡೆಗೆ ವಾಲಿತ್ತು. ಉದ್ಯೋಗದ ಕಾಲವನ್ನೆಲ್ಲ ಅವರು ತಂತಿ ಕಚೇರಿಯಲ್ಲಿ ಎಡಗಿವಿಯನ್ನು ಯಂತ್ರಕ್ಕೆ ಕೊಟ್ಟು, ಬಲಗೈಯಲ್ಲಿ ಬರೆಯುತ್ತ ಕಳೆದಿದ್ದರು. ಯಂತ್ರ ಕಟಕಟ ಎಂದದ್ದನ್ನು ಅಕ್ಷರ ಮಾಡಿಕೊಳ್ಳುವುದು ಅವರ ಕೆಲಸ. ನಿವೃತ್ತರಾಗಿ ಯಂತ್ರ ದೂರವಾದರೂ ಕತ್ತು ನೇರವಾಗಲಿಲ್ಲ. ಬಸವನಗುಡಿಯ ನಮ್ಮ ಬೀದಿಗೆ ಹೊಸದಾಗಿ ಬಂದವರು ಅವರೊಡನೆ ಮಾತಾಡುವಾಗ, ಈ ಹಿರಿಯರು ಎಷ್ಟು ಗಮನವಿಟ್ಟು ಕೇಳುತ್ತಾರೆ ಎಂದು ಸಂತೋಷಪಡುತ್ತಿದ್ದರು. ಅವರ ಹೆಂಡತಿ ಮಾತ್ರ, "ಕಿವಿ ಇಲ್ಲೇ ಇದೆ, ಮನಸ್ಸು ಎಲ್ಲಿದೆಯೋ ಕೇಳಿ ನೋಡಿ" ಎನ್ನುತ್ತಿದ್ದರು.

ಅವರ ಮನೆ ನಮ್ಮ ಮನೆಗೆ ಎದುರು. ಸಂಬಂಧ ಏನೂ ಇಲ್ಲದಿದ್ದರೂ ನಾನು ಅವರನ್ನು ಮಾಮ ಎಂದೂ ಅವರ ಹೆಂಡತಿಯನ್ನು ಅತ್ತೆ ಎಂದೂ ಕರೆಯುತ್ತಿದ್ದೆ. ಪ್ಲೇಗು ಬರುವವರೆಗೆ ಬಳೇಪೇಟೆಯಲ್ಲಿದ್ದು, ಆಮೇಲೆ ಈ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡು ಬಂದವರು. ಮಕ್ಕಳಿಲ್ಲದವರು ಎಂದೇ ನಾನು ಬಹಳ ದಿನ ತಿಳಿದಿದ್ದೆ. ಅತ್ತೆಗೆ ವಾಯುರೋಗದಿಂದ ಕಾಲಿನ ಸ್ವಾಧೀನ ತಪ್ಪಿ, ನಡುಮನೆಯ ಮಂಚವೇ ಅವರ ಪ್ರಪಂಚವಾಗಿತ್ತು. ಅವರನ್ನು ಎಬ್ಬಿಸಿ ಕೂರಿಸುವುದು, ಬೆನ್ನಿಗೆ ದಿಂಬು ಕೊಡುವುದು, ತಲೆ ಬಾಚುವುದು ಎಲ್ಲ ಮಾಮನದೇ. ಬೈತಲೆ ಎಂದೂ ನೆಟ್ಟಗೆ ಬರುತ್ತಿರಲಿಲ್ಲ. ಅದು ಅವರ ಕತ್ತಿನಷ್ಟೇ ಓರೆಯಾಗಿರುತ್ತಿತ್ತು.

ಮಾತಿಗೆ ಇಷ್ಟೆಂದು ದುಡ್ಡು ತೆತ್ತು ಕಳಿಸುವ ಸುದ್ದಿಗಳ ನಡುವೆ ಬಾಳಿ, ಮಾಮನ ಮಾತೇ ಸಣ್ಣದಾಗಿಬಿಟ್ಟಿತ್ತು. ತರಕಾರಿಯವಳು ಬಾಗಿಲಿಗೆ ಬಂದರೆ, "ಬದನೆ. ಎಳೇದು. ಸಾಕು" ಎಂದು ಮುಗಿಸುತ್ತಿದ್ದರು. ನಮ್ಮ ತಂದೆ ಹಬ್ಬದ ಊಟಕ್ಕೆ ಕರೆದರೆ "ಬರ್ತೀನಿ" ಎನ್ನುವುದರೊಳಗೆ ಧನ್ಯವಾದ, ವಿಶ್ವಾಸ, ಅತ್ತೆಯನ್ನು ಬಿಟ್ಟು ಬರಲಾರದ ಸಂಕಟ ಎಲ್ಲ ಸೇರಿರಬೇಕಾಗಿತ್ತು. ಮಿಕ್ಕ ಮಾತನ್ನೆಲ್ಲ ಸರ್ಕಾರದ ಖಜಾನೆಗೆ ಕಟ್ಟಿ ಬಂದಿದ್ದಾರೆ ಎಂದು ಅತ್ತೆ ಚುಚ್ಚುತ್ತಿದ್ದರು.

ಇಂಥವರು ಒಬ್ಬ ಮನುಷ್ಯನ ಇಡೀ ಜೀವನವನ್ನು ಬಾಯಿಬಿಟ್ಟು ಹೇಳತೊಡಗಿದ್ದು ಹೇಗೆಂದು ಈಗಲೂ ನನಗೆ ಆಶ್ಚರ್ಯ.

ಬಿಳಿಯರಿದ್ದ ದಂಡು ಪ್ರದೇಶದಲ್ಲಿ, ತನ್ನ ದೇಶಕ್ಕೆ ಹೊರಟ ಇಂಗ್ಲಿಷ್ ದೊರೆಯೊಬ್ಬನ ಸಾಮಾನು ಹರಾಜಾದಾಗ ಮಾಮ ಒಂದು ಆರಾಮಕುರ್ಚಿಯನ್ನು ಕೊಳ್ಳಲು ಹೋಗಿದ್ದರು. ಕುರ್ಚಿಯ ಮೇಲೆ ಇಟ್ಟಿದ್ದ ಪುಸ್ತಕಗಳೂ ಅದರ ಜೊತೆಗೇ ಬಂದವು. ಅವುಗಳಲ್ಲೊಂದು, ದಕ್ಷಿಣ ಅಮೆರಿಕದ ಬೆಟ್ಟಗಾಡು ದೇಶವೊಂದನ್ನು ಹೋದ ಶತಮಾನದಲ್ಲಿ ಆಳಿದ ಅಧ್ಯಕ್ಷನ ಚರಿತ್ರೆ. ಹೇಸರಗತ್ತೆ ಹೊಡೆಯುವವನ ಮಗನಾಗಿ ಹುಟ್ಟಿ, ತನ್ನ ದೇಶಕ್ಕೆ ಮೊದಲು ತಂತಿ ಹಾಕಿಸಿದವನು ಅವನು. ಹೇಸರಗತ್ತೆಗಳ ಮೇಲೆ ಕಂಬ ಹೊರಿಸಿ ಹಿಮದ ಕಣಿವೆ ದಾಟಿಸಿದ್ದನಂತೆ. ಮಾಮ ಪುಸ್ತಕ ಹಿಡಿದದ್ದು ಆ ಪುಟಗಳಿಗಾಗಿ. ಆಮೇಲೆ ಮೊದಲಿನಿಂದ ಓದಿದರು. ಅವನ ಹೆಸರನ್ನು ಮಾತ್ರ ಎಂದೂ ಹೇಳಲಿಲ್ಲ. ಆ ಭಾಷೆ ತಮಗೆ ಬಾರದು, ತಪ್ಪಾಗಿ ಕರೆದು ದೊಡ್ಡ ಮನುಷ್ಯನಿಗೆ ಅವಮಾನ ಮಾಡಬಾರದು ಎಂಬುದು ಅವರ ಕಾರಣ. ಹಾಗಾಗಿ ನಮಗೆಲ್ಲ ಅವನು ಅಧ್ಯಕ್ಷ, ಅಷ್ಟೆ.

ಅತ್ತೆಗೆ ಗುಡಿಯ ಪುರಾಣಕ್ಕೆ ಹೋಗಲಾಗದೆ ಸಂಜೆಗಳು ಭಾರವಾಗಿದ್ದವು. ಏನಾದರೂ ಓದಿ ಎಂದು ಗಂಡನನ್ನು ಕೇಳಿದರು. ಮಾಮ ಇಂಗ್ಲಿಷ್ ಪುಸ್ತಕವನ್ನೇ ಕೈಗೆತ್ತಿಕೊಂಡು, ಒಂದೊಂದೇ ವಾಕ್ಯವನ್ನು ಕನ್ನಡ ಮಾಡಿ ಹೇಳಿದರು. ಮರುದಿನ ಅತ್ತೆ, "ಆ ಹೇಸರಗತ್ತೆ ಹೊಡೆಯೋನ ಮಗ ಏನಾದ?" ಎಂದು ಕೇಳಿದರು. ಅಲ್ಲಿಂದ ಅದು ದಿನಚರಿಯಾಯಿತು.

ಆ ವರ್ಷ ನಾನು ಬಿ.ಎ. ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ಮುಂದೇನು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಉತ್ತರ ಹುಡುಕುವ ಕೆಲಸವನ್ನು ವರಗಳ ಜಾತಕಗಳಿಗೆ ಬಿಟ್ಟಾಗಿತ್ತು. ಮಾಮ ಒಂದು ಮಧ್ಯಾಹ್ನ ನಮ್ಮ ಜಗಲಿಯ ಬಳಿ ನಿಂತು, "ಮಗು. ಬರೀಬೇಕು. ಬರ್ತೀಯಾ?" ಎಂದರು. ಲೇಖನಿ ಹಿಡಿದು ಕೂತರೆ ಅವರಿಗೆ ಕನ್ನಡ ಬರುತ್ತಿರಲಿಲ್ಲ. ಅತ್ತೆಯ ಮುಖ ನೋಡುತ್ತ ಹೇಳಿದರೆ ಮಾತ್ರ ಬರುತ್ತಿತ್ತು. ಆದ್ದರಿಂದ ಅವರು ಹೇಳಬೇಕು, ನಾನು ಬಾಗಿಲ ಬಳಿ ಕೂತು ಬರೆದುಕೊಳ್ಳಬೇಕು. ಹೀಗೆ ಒಂದು ಪುಸ್ತಕವಾಗಬೇಕು. ನಡುನಡುವೆ ಅತ್ತೆ ಕೇಳುವ ಪ್ರಶ್ನೆಗಳನ್ನೂ ಬರೆಯಲೇ ಎಂದು ಕೇಳಿದೆ. "ಬರಿ. ಅವಳು ಕೇಳ್ದೆ ಇದ್ದಿದ್ರೆ ಕಥೆಯೆಲ್ಲಿ?" ಎಂದರು. ಅವರ ಲೆಕ್ಕದಲ್ಲಿ ಅದು ಉದ್ದವಾದ ಮಾತು.

ಅತ್ತೆಯ ಪ್ರಶ್ನೆಗಳು ಪುಸ್ತಕದಲ್ಲಿಲ್ಲದ ಕಡೆಗೇ ಹೋಗುತ್ತಿದ್ದವು. ಅಧ್ಯಕ್ಷ ದೊಡ್ಡವನಾದಾಗ ತಾಯಿ ಬದುಕಿದ್ದಳೇ? ಗುಲಾಮರನ್ನು ಬಿಡುಗಡೆ ಮಾಡಿದನಲ್ಲ, ಆ ಸಂಜೆ ಅವರು ಎಲ್ಲಿ ಉಂಡರು? ಮಾಮ ಪುಟ ತಿರುವಿ, ಕೊನೆಯಲ್ಲಿದ್ದ ಪದಸೂಚಿಯಲ್ಲಿ ಬೆರಳಾಡಿಸಿ, ಸೋತು, ಪುಸ್ತಕದಲ್ಲಿ ಇಲ್ಲ ಎಂದು ಒಪ್ಪಿಕೊಳ್ಳುತ್ತಿದ್ದರು.

"ಎಲ್ಲಿಂದ ಇರುತ್ತೆ? ಬರೆದೋನು ಗಂಡಸು" ಎಂದು ಅತ್ತೆ ದಿಂಬಿಗೆ ಒರಗುತ್ತಿದ್ದರು.

ಸುದ್ದಿ ಹಬ್ಬಿ ಬೀದಿಯ ಹೆಂಗಸರೂ ಬರತೊಡಗಿದರು. ನಮ್ಮ ತಾಯಿ ಎಲ್ಲರಿಗಿಂತ ಮುಂದೆ. ಇವರಿಗೆಲ್ಲ ಕಥೆ ಎಂದರೆ ಪುರಾಣ, ಪುರಾಣಕ್ಕೆ ಅದರದೇ ನಿಯಮ. ಅಧ್ಯಕ್ಷ ಅಧಿಕಾರ ವಹಿಸಿಕೊಳ್ಳುವ ಅಧ್ಯಾಯ ನಾಳೆ ಎಂದು ಮಾಮ ಬಾಯಿತಪ್ಪಿ ಹೇಳಿದ್ದೇ ತಡ, ಮರುದಿನ ನಡುಮನೆಯಲ್ಲಿ ರಂಗೋಲಿ ಬಿದ್ದಿತ್ತು. ಒಬ್ಬರು ಪಾನಕ, ಒಬ್ಬರು ಕೋಸಂಬರಿ ತಂದಿದ್ದರು. ಪಟ್ಟಾಭಿಷೇಕದ ದಿನ ಬರಿಗೈಯಲ್ಲಿ ಬರಲಾಗುತ್ತದೆಯೇ ಎಂಬುದು ಅವರ ಮಾತು. ಸಿಂಹಾಸನ ಎಂಥದು ಎಂದು ಯಾರೋ ಕೇಳಿದರು. ಸಿಂಹಾಸನ ಇರಲಿಲ್ಲ, ಬರಿಯ ಕುರ್ಚಿ ಎಂದರು ಮಾಮ. ಎಲ್ಲರೂ ತಿರುಗಿ ಹರಾಜಿನ ಆರಾಮಕುರ್ಚಿಯನ್ನು ನೋಡಿದರು. ಕೊನೆಗೆ ನಮ್ಮ ತಾಯಿ ಆರತಿ ಹಾಡಿ, ಕೆಂಪು ನೀರಿನ ತಟ್ಟೆಯನ್ನು ಆ ಇಂಗ್ಲಿಷ್ ಪುಸ್ತಕಕ್ಕೇ ಎತ್ತಿದರು. ಮಾಮ ಪುಸ್ತಕವನ್ನು ಎದೆಮಟ್ಟದಲ್ಲಿ ಹಿಡಿದು, ಓರೆ ಕತ್ತಿನಲ್ಲಿ ನಿಂತಿದ್ದರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಇನ್ನೊಮ್ಮೆ ನೋಡಲಿಲ್ಲ.

ಆದರೆ ಅಧ್ಯಕ್ಷನ ಚರಿತ್ರೆ ಪಟ್ಟಾಭಿಷೇಕದಲ್ಲಿ ಮುಗಿಯುವುದಿಲ್ಲ. ಮುಂದಿನ ಅಧ್ಯಾಯಗಳಲ್ಲಿ ಬೆಳೆ ಕೆಟ್ಟಿತು, ಸ್ನೇಹಿತರು ಬೇರೆಯಾದರು, ಸೈನ್ಯ ತಿರುಗಿಬಿತ್ತು. ಆರಿಸಿದವರೇ ಅವನನ್ನು ಗಡಿ ದಾಟಿಸಿದರು. ಇನ್ನು ಉಳಿದದ್ದು ಪರದೇಶದ ವಾಸ ಮತ್ತು ಸಾವು. ಮಾಮ ಅಲ್ಲಿಗೆ ಬಂದು ನಿಂತುಬಿಟ್ಟರು.

ಪುರಾಣ ಓದುವವರು ಅಶುಭದಲ್ಲಿ ಆ ದಿನದ ಓದನ್ನು ನಿಲ್ಲಿಸುವುದಿಲ್ಲ. ಸಾವು, ವನವಾಸ ಬಂದರೆ ಒಳ್ಳೆಯದು ಸಿಗುವವರೆಗೆ ಮುಂದುವರಿಯಬೇಕು. ಇವನ ಕಥೆಯಲ್ಲಿ ಮುಂದೆ ಒಳ್ಳೆಯದೇ ಇಲ್ಲ, ಎಲ್ಲಿ ನಿಲ್ಲಿಸುವುದು ಎಂದು ಮಾಮ ಕೇಳಿದಾಗ ಹೆಂಗಸರಿಗೂ ಅದು ಸರಿ ಎನಿಸಿತು. ಹಾಗಾಗಿ ಗಡಿಯ ತನಕ ಓದಿ, ಪುಸ್ತಕವನ್ನು ಹಿಂದಕ್ಕೆ ತಿರುವಿ, ಮತ್ತೆ ಪಟ್ಟಾಭಿಷೇಕ ಓದಿ ಮುಗಿಸತೊಡಗಿದರು. ವಾರಗಳು ಹೀಗೇ ಹೋದವು. ಕೋಸಂಬರಿ ತರುವವರು ಕಡಿಮೆಯಾದರು. ನಮ್ಮ ತಾಯಿಯೂ ಹಪ್ಪಳದ ಕಾಲ ಎಂದು ಬರುವುದನ್ನು ಬಿಟ್ಟರು. ನಾನು ಮಾತ್ರ ಹೋಗುತ್ತಿದ್ದೆ. ಬರೆಯುವುದಕ್ಕೆ ಹೊಸದೇನೂ ಇರುತ್ತಿರಲಿಲ್ಲ. ಮಾಮನ ದನಿ ದಿನದಿನಕ್ಕೆ ಬತ್ತುತ್ತಿತ್ತು. ಅದೇ ಹತ್ತು ಪುಟಗಳನ್ನು ಹೊತ್ತು ಅದೇ ಏರನ್ನು ಹತ್ತಿ ಇಳಿಯುವವರ ಹಾಗೆ. ಅತ್ತೆಯ ಮೈ ಇಳಿಯುತ್ತಿತ್ತು. ಗಂಜಿಯೂ ಒಳಗೆ ಹೋಗುತ್ತಿರಲಿಲ್ಲ. ಆದರೂ ಪ್ರತಿ ಸಂಜೆ ಓದು ಮುಗಿದಾಗ, "ಆಮೇಲೆ?" ಎನ್ನುತ್ತಿದ್ದರು. ಮಾಮ ಕನ್ನಡಕ ತೆಗೆದು ಗೂಡಿನಲ್ಲಿಡುತ್ತಿದ್ದರು.

ಒಂದು ಮಧ್ಯಾಹ್ನ ಮಾಮ ಔಷಧಿಗೆಂದು ಚಾಮರಾಜಪೇಟೆಗೆ ಹೋಗಿದ್ದರು. ನಾನು ಅತ್ತೆಯ ಹತ್ತಿರ ಕೂತಿದ್ದೆ. ಕೊನೆಯ ಅಧ್ಯಾಯವನ್ನು ನಾನೇ ಓದಿ ಹೇಳಲೇ ಎಂದು ಕೇಳಿದೆ. ಇಂಗ್ಲಿಷ್ ನನಗೂ ಬರುತ್ತಿತ್ತು, ಒಂದು ಗಂಟೆಯ ಕೆಲಸ.

"ಬೇಡ ಮಗು. ನೀನು ಓದಿದ್ರೆ ಕಥೆ ಮುಗಿಯುತ್ತೆ, ಅಷ್ಟೇ" ಎಂದರು. ಆಮೇಲೆ ತಮಗೆ ಒಬ್ಬಳು ಮಗಳಿದ್ದ ವಿಷಯ ಹೇಳಿದರು.

ಪ್ಲೇಗಿನ ವರ್ಷ ಬಳೇಪೇಟೆಯಲ್ಲಿ ಇಲಿ ಸತ್ತು ಬೀಳತೊಡಗಿದಾಗ ಆ ಹುಡುಗಿಯನ್ನು ತುಮಕೂರಿನ ತಮ್ಮ ತವರಿಗೆ ಕಳಿಸಿದ್ದರು. ಮಾಮನಿಗೆ ರಜೆ ಇಲ್ಲ. ಅತ್ತೆ ಅವರ ಊಟಕ್ಕೆಂದು ಉಳಿದುಕೊಂಡರು. ರೋಗ ತುಮಕೂರಿಗೂ ಹೋಯಿತು. ಅಲ್ಲಿಂದ ತಂತಿ ಬಂತು. ಆ ಹೊತ್ತಿಗೆ ಯಂತ್ರದ ಮುಂದೆ ಕೂತಿದ್ದವರು ಮಾಮನೇ.

"ಮನೇಗೆ ಬಂದ್ರು. ಕಾಲು ತೊಳೆದ್ರು. ಊಟಕ್ಕೆ ಕೂತ್ರು. ನಾನು ಅವಳಿಗೆ ಅಂತ ಲಂಗ ಹೊಲೀತಿದ್ದೆ. ಕತ್ತಲಲ್ಲಿ ಸೂಜಿ ಕಾಣೋಲ್ಲ ಅಂದೆ. ದೀಪ ಹಿಡ್ಕೊಂಡು ನಿಂತ್ರು. ಅಂಚು ಪೂರ್ತಿ ಮುಗಿಯೋ ತನಕ ನಿಂತಿದ್ರು ಕಣೇ. ಮಾರನೇ ದಿನ ನಮ್ಮಣ್ಣ ಬಂದು ಬಾಗಿಲಲ್ಲಿ ಅತ್ತಾಗ ನನಗೆ ಗೊತ್ತಾಯ್ತು. ಹಿಂದಿನ ದಿನವೇ ತಂತಿ ಕೊಟ್ಟಿದ್ನಂತೆ."

ಮಾಮ ಆಮೇಲೂ ಆ ವಿಷಯ ಎತ್ತಲಿಲ್ಲವಂತೆ. ಅತ್ತೆಯೂ ಕೇಳಲಿಲ್ಲ. ಹೀಗೇ ಇಷ್ಟು ವರ್ಷ ಕಳೆದಿದ್ದವು.

"ಆ ಅಧ್ಯಕ್ಷ ಇದ್ದರೆಷ್ಟು, ಹೋದರೆಷ್ಟು. ನಾನು ಹೋಗೋದರೊಳಗೆ ಇವರು ನನ್ನ ಮುಂದೆ ಕೂತು, ಒಬ್ಬರು ಸತ್ತರು ಅಂತ ಒಂದು ಸಲ ಬಾಯಿಬಿಟ್ಟು ಹೇಳ್ಲಿ. ಯಾರಾದ್ರೂ ಆಗ್ಲಿ." ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡರು. "ನೀನು ಅವರಿಗೆ ಏನೂ ಹೇಳ್ಬೇಡ."

ನಾನು ಹೇಳಲಿಲ್ಲ. ಆದರೆ ಆ ದಿನದಿಂದ ಪಟ್ಟಾಭಿಷೇಕದ ಪುಟ ಬಂದಾಗ ನನಗೆ ತಲೆ ಎತ್ತಲಾಗುತ್ತಿರಲಿಲ್ಲ.

ಕೆಲವು ದಿನಗಳ ಮೇಲೆ, ಮೋಡ ಕವಿದ ಒಂದು ಸಂಜೆ, ಮಾಮ ಎಂದಿನಂತೆ ಪುಸ್ತಕ ತೆಗೆದರು. ಅತ್ತೆ ತಮ್ಮ ಕೈಯನ್ನು ತೆರೆದ ಪುಟದ ಮೇಲಿಟ್ಟರು. ಆ ಕೈಯಲ್ಲಿ ಬಳೆ ಮೊಣಕೈವರೆಗೆ ಜಾರುತ್ತಿತ್ತು.

"ಮತ್ತೆ ಅಲ್ಲಿಂದ ಬೇಡ. ಕೊನೇದು ಹೇಳಿ."

ಸಂಜೆಯ ಹೊತ್ತು, ಅಂಥ ಕಡೆ ನಿಲ್ಲಿಸಬಾರದು ಎಂದರು ಮಾಮ.

"ನಿಲ್ಲಿಸೋದು ಬೇಡ. ಮುಗಿಸಿ."

ಮಾಮ ನನ್ನ ಕಡೆ ನೋಡಿದರು. ನಾನು ಲೇಖನಿಯನ್ನು ನೋಡಿದೆ. ಅವರು ಕೊನೆಯ ಅಧ್ಯಾಯ ತೆರೆದು, ಕಣ್ಣಾಡಿಸಿ, "ಅಧ್ಯಕ್ಷ ತೀರಿಕೊಂಡ" ಎಂದು ಪುಸ್ತಕ ಮುಚ್ಚಿದರು.

"ಇದೇನು ತಂತಿಯೇ?" ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ಯಾವ ಊರಲ್ಲಿ? ಯಾರ ಮನೇಲಿ? ಹತ್ತಿರ ಯಾರಿದ್ರು?"

ಮಾಮ ಪುಸ್ತಕವನ್ನು ಮತ್ತೆ ತೆರೆದರು. ಸಮುದ್ರದ ದಂಡೆಯ ಊರು. ಬಾಡಿಗೆಯ ಮಹಡಿ ಕೋಣೆ. ಹೆಂಡತಿ ಮೊದಲೇ ಹೋಗಿದ್ದಳು. ಹತ್ತಿರ ಇದ್ದವಳು ಮನೆಯೊಡತಿ, ಒಬ್ಬ ಮುದುಕಿ. ನೀರು ಕೊಟ್ಟವಳೂ ಅವಳೇ. ಅತ್ತೆ ಒಂದೊಂದಾಗಿ ಕೇಳಿದರು, ಮಾಮ ಒಂದೊಂದಾಗಿ ಹೇಳಿದರು. ನಾನು ಬರೆಯುತ್ತ ಹೋದೆ.

"ಕೊನೆಗೆ ಏನಾದ್ರೂ ಅಂದನಾ?"

"ತನ್ನ ದೇಶದಿಂದ ಟಪಾಲು ಬಂತೇ ಅಂತ ಕೇಳಿದ."

"ಬಂದಿತ್ತಾ?"

"ಇಲ್ಲ. ಅವನಿಗೆ ಬರ್ಲಿಲ್ಲ." ಮಾಮ ಕನ್ನಡಕ ತೆಗೆದರು. "ನನಗೆ ಬಂತು."

ನಾನು ಬರೆಯುವುದನ್ನು ನಿಲ್ಲಿಸಿದೆ.

"ಮೊದಲು ವಿಳಾಸ ಬಂತು. ನಮ್ಮ ಮನೆ ವಿಳಾಸವೇ. ಕೈ ತಾನಾಗಿ ಬರ್ಕೊಂಡು ಹೋಯ್ತು. ಆಮೇಲೆ ಮಗೂ ಹೆಸರು ಬಂತು. ಆಮೇಲೆ ಮಿಕ್ಕಿದ್ದು. ಆ ತುದೀಲಿದ್ದೋನಿಗೆ ನಾನೇ ಕೂತಿರೋದು ಗೊತ್ತಿಲ್ಲ. ಸರಿಯಾಗಿ ಬಂತಾ ಅಂತ ಕೇಳ್ದ. ಬಂತು ಅಂತ ಬಡಿದೆ." ಮಾಮ ಉಸಿರು ತೆಗೆದುಕೊಂಡರು. "ನಮ್ಮ ಮಗು ಬೆಳಿಗ್ಗೆ ಸತ್ತುಹೋಯ್ತು ಅಂತ ಇತ್ತು ಕಣೇ. ಮನೇಗೆ ಬಂದೆ. ನೀನು ಲಂಗ ಹೊಲೀತಿದ್ದೆ."

"ಹೂಂ."

"ಆ ಅಂಚು ಮುಗೀಲಿ, ಆಮೇಲೆ ಹೇಳೋಣ ಅಂದ್ಕೊಂಡೆ."

ಅತ್ತೆ ಅವರ ಬಲಗೈಯನ್ನು ಎಳೆದುಕೊಂಡು ತಮ್ಮ ಹೊಟ್ಟೆಯ ಮೇಲಿಟ್ಟುಕೊಂಡರು. "ಅಷ್ಟು ಹೊತ್ತು ದೀಪ ಹಿಡಿದು ಕೈ ಸೋತಿರಬೇಕು" ಎಂದರು.

ನಾನು ಸದ್ದಾಗದಂತೆ ಎದ್ದು ಹಿತ್ತಲ ಬಾಗಿಲಿನಿಂದ ಮನೆಗೆ ಹೋದೆ. ಇಷ್ಟು ಬೇಗ ಓದು ಮುಗಿಯಿತೇ ಎಂದು ತಾಯಿ ಕೇಳಿದರು. ಮುಗಿಯಿತು ಎಂದೆ.

ಮರುದಿನ ಮಾಮ ಬೀದಿಯ ಹೆಂಗಸರನ್ನೆಲ್ಲ ತಾವೇ ಹೋಗಿ ಕರೆದರು. ಗಡಿಯಿಂದ ಮುಂದಕ್ಕೆ, ಮಹಡಿ ಕೋಣೆಯವರೆಗೆ, ಒಂದೇ ಸಮನೆ ಹೇಳಿ ಮುಗಿಸಿದರು. ಯಾರೂ ಎದ್ದು ಹೋಗಲಿಲ್ಲ. ನಮ್ಮ ತಾಯಿ ಕಣ್ಣೊರೆಸಿಕೊಂಡು, ನಿಯಮ ನಿಯಮವೇ ಎಂದು ಪಟ್ಟಾಭಿಷೇಕವನ್ನು ಇನ್ನೊಮ್ಮೆ ಓದಿಸಿ ಆರತಿ ಹಾಡಿದರು. ಅತ್ತೆ ಅಷ್ಟರಲ್ಲಿ ನಿದ್ದೆಹೋಗಿದ್ದರು.

ಅವರು ಆಷಾಢದಲ್ಲಿ ತೀರಿಕೊಂಡರು. ಬೆಳಗಿನ ಜಾವ ಮಾಮ ನಮ್ಮ ಬಾಗಿಲಿಗೆ ಬಂದು ತಂದೆಯವರನ್ನು ಕೂಗಿದರು. ಜಗಲಿಯ ಮೇಲೆ ಕೂತು, ತಮ್ಮ ಹೆಂಡತಿ ಹೋದಳು ಎಂದು, ಯಾವಾಗ ಎಚ್ಚರವಾಯಿತು, ಏನು ಕೇಳಿದಳು, ಎಷ್ಟು ನೀರು ಕುಡಿದಳು ಎಂದು ಪೂರ್ತಿ ಹೇಳಿದರು. ಆಮೇಲೆ ಮುಂದಿನ ಮನೆಗೆ ಹೋಗಿ ಅಲ್ಲಿಯೂ ಹೇಳಿದರು. ಬೇರೆಯವರ ಕೈಯಲ್ಲಿ ಹೇಳಿಕಳಿಸೋಣ ಎಂದ ತಂದೆಯವರ ಮಾತಿಗೆ ಅವರು ಒಪ್ಪಲಿಲ್ಲ.

ಪುಸ್ತಕ ಅಚ್ಚಾಗಲಿಲ್ಲ. ಅಷ್ಟು ದೂರದ ಒಬ್ಬ ಅಧ್ಯಕ್ಷ ಇಲ್ಲಿ ಯಾರಿಗೆ ಬೇಕು ಎಂದು ಮುದ್ರಣಾಲಯದವರು ಕೇಳಿದರಂತೆ. ಮಾಮ ಒತ್ತಾಯ ಮಾಡಲಿಲ್ಲ. ಬರೆದದ್ದನ್ನು ನನಗೇ ಕೊಟ್ಟರು. ಅತ್ತೆಯ ಪ್ರಶ್ನೆಗಳನ್ನು ಬಿಡದೆ ಬರೆದದ್ದು ಒಳ್ಳೆಯದಾಯಿತು ಎಂದರು. ಮೈಸೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನನಗೆ ಕೆಲಸ ಸಿಕ್ಕಾಗ ನಮ್ಮ ಮನೆಯಲ್ಲಿ ಯಾರೂ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಮಾಮ ಒಂದು ಸಂಜೆ ಬಂದು ತಂದೆಯವರ ಜೊತೆ ಒಳಗೆ ಕೂತರು. ಏನು ಹೇಳಿದರೋ ನನಗೆ ತಿಳಿಯದು. ಬಹಳ ಹೊತ್ತು ಅವರ ದನಿಯೇ ಕೇಳುತ್ತಿತ್ತು. ಮರುದಿನ ತಂದೆಯವರು ರೈಲಿನ ವೇಳೆ ವಿಚಾರಿಸಿದರು.

ನಾನು ಮೈಸೂರಿಗೆ ಹೋದ ಎರಡನೆಯ ವರ್ಷ, ದಸರೆಯ ರಜೆಗೆ ಬಂದೆ. ಎದುರುಮನೆಯ ಬಾಗಿಲಲ್ಲಿ ಗುರುತಿಲ್ಲದ ಹೆಂಗಸೊಬ್ಬರು ನೀರು ಹಾಕುತ್ತಿದ್ದರು. ಮನೆಯಿಂದ ಬಂದ ಯಾವ ಕಾಗದದಲ್ಲೂ ಏನೂ ಬರೆದಿರಲಿಲ್ಲ. ತಾಯಿ ಕಾಫಿ ತಂದುಕೊಟ್ಟು, ಮೈಸೂರಿನ ಚಳಿ ವಿಚಾರಿಸಿ, ನಾನು ಸೊರಗಿದ್ದೇನೆ ಎಂದು, ನಿಂಬೆಕಾಯಿ ಉಪ್ಪಿಗೆ ಹಾಕಿಟ್ಟಾಗಿದೆ ಎಂದು ಮಾತಾಡುತ್ತಲೇ ಇದ್ದರು. ನಾನು ಲೋಟ ಕೆಳಗಿಟ್ಟೆ.

"ಅಮ್ಮಾ, ಮಾಮನ ವಿಷಯ ಹೇಳು."

"ಹೇಳೋದೇನಿದೆ. ವಯಸ್ಸಾಗಿತ್ತು, ಹೋದ್ರು. ನೀನು ದೂರದಲ್ಲಿದ್ದೆ, ಪಾಠಕ್ಕೆ ತೊಂದರೆ ಆಗುತ್ತೆ ಅಂತ ನಿಮ್ಮಪ್ಪ ಬರೀಬೇಡ ಅಂದ್ರು."

"ಎಲ್ಲಾ ಹೇಳು. ಎಲ್ಲಿದ್ರು, ಯಾರಿದ್ರು, ಏನು ಕೇಳಿದ್ರು."

ತಾಯಿ ಒಳಗೆ ಹೊರಟಿದ್ದವರು ನಿಂತರು. ಕೈ ಒರೆಸಿಕೊಂಡು ಬಂದು ನನ್ನೆದುರು ಚಾಪೆಯ ಮೇಲೆ ಕೂತರು. ಶ್ರಾವಣದಲ್ಲಿ ಜ್ವರ ಬಂದದ್ದು, ನಮ್ಮ ಮನೆಯಿಂದಲೇ ಗಂಜಿ ಹೋಗುತ್ತಿದ್ದದ್ದು, ಕೊನೆಯ ದಿನ ಬೆಳಿಗ್ಗೆ ತಂದೆಯವರು ಹೋದಾಗ ಅವರಿಗೆ ಎಚ್ಚರವಿದ್ದದ್ದು, ಇವತ್ತು ಯಾವ ವಾರ ಎಂದು ಕೇಳಿದ್ದು, ಬಾಯಿಗೆ ನೀರು ಬಿಟ್ಟವರು ತಂದೆಯವರೇ ಎಂಬುದು, ಒಂದಾದ ಮೇಲೊಂದು ಹೇಳಿದರು. ನಡುವೆ ನಿಂತಾಗ, ಆಮೇಲೆ ಎಂದು ನಾನು ಕೇಳಿದೆ. ಅವರು ಮತ್ತೆ ಹೇಳಿದರು.